ಬೆರಳು ಹಚ್ಚದ ಅಣೆಕಟ್ಟು

ಸೋಮಲಿಂಗ ಪ್ರತಿಜ್ಞೆ ಮಾಡಿದ್ದು ಮೈಕಿನಲ್ಲಿ! ಅಲ್ಲೇ ಎಡವಟ್ಟಾದದ್ದು. ಮನೆಯೊಳಗೆ ಮಾಡಿದ ಪ್ರತಿಜ್ಞೆಯನ್ನು ಮನೆಯೊಳಗೇ ಸದ್ದಿಲ್ಲದೆ ಮುರಿಯಬಹುದು. ಮೈಕಿನದು ಹಾಗಲ್ಲ, ಅರ್ಧ ನವನಗರಕ್ಕೆ ಕೇಳಿಸಿರುತ್ತದೆ.

ಅಂದು ಮಗಳ ಶಾಲೆಯಲ್ಲಿ ಪಾಲಕರ ಸಭೆ. ಮೂರನೆಯ ತರಗತಿಯ ಬಸವೇಶ್ವರಿ ಟೀಚರು ಮುಂದಿನ ಸೋಮವಾರದ ವಿಜ್ಞಾನ ಪ್ರದರ್ಶನದ ಸುದ್ದಿ ತೆಗೆದು ಎಲ್ಲರಿಗೂ ಕೈ ಮುಗಿದರು.

"ಹೋದ ವರ್ಷ ಒಬ್ಬ ಹುಡುಗ ಜ್ವಾಲಾಮುಖಿ ತಂದಿದ್ದ. ವೆಲ್ಡಿಂಗ್ ಹೊಡದದ್ದು! ನೀನ ಮಾಡಿಯೇನಪಾ ಅಂತ ಕೇಳಿದೆ. 'ಇಲ್ರಿ ಟೀಚರ್, ನಾ ಮುಟ್ಟೇ ಇಲ್ಲ. ಮುಟ್ಟಿದ್ರ ಅಪ್ಪ ಬಡೀತಾನ' ಅಂದ. ಈ ವರ್ಷಾದ್ರೂ ಹುಡುಗ್ರ ಕೈಲೇ ಮಾಡಸ್ರಿ. ಸೊಟ್ಟ ಆದ್ರೂ ನಡೀತೈತಿ."

ಪಾಲಕರೆಲ್ಲ ನೆಲ ನೋಡಿದರು. ಸೋಮಲಿಂಗನೊಬ್ಬ ಎದ್ದು ನಿಂತ. ಅವನು ಬಿ.ಎಸ್ಸಿ. ಓದಿದವನು, ಮಣ್ಣು ಪರೀಕ್ಷಾ ಕೇಂದ್ರದ ನೌಕರ. ಚಹಾಕ್ಕೆ ಹಾಕುವ ಸಕ್ಕರೆಯನ್ನೂ ಚಮಚದ ಅಂಚಿಗೆ ಸಮ ಸವರಿ ಹಾಕುವ ಮನುಷ್ಯ. ಟೀಚರ ಕೈಯಿಂದ ಮೈಕು ಇಸಿದುಕೊಂಡು ಗರ್ಜಿಸಿದ.

"ಮಕ್ಕಳು ತಾವ ಮಾಡಬೇಕು, ತಾವ ತಪ್ಪಬೇಕು, ತಾವ ಕಲೀಬೇಕು! ನನ್ನ ಮಗಳು ದಾನಮ್ಮನ ಕೆಲಸಕ್ಕ ನಾ ಒಂದು ಬೆರಳೂ ಹಚ್ಚೂದಿಲ್ಲ!"

ಚಪ್ಪಾಳೆಯೋ ಚಪ್ಪಾಳೆ! ಮಗಳು ದಾನಿಯಂತೂ ಬೆಂಚಿನ ಮೇಲೆ ನಿಂತು ಹೊಡೆದಳು. ಹೆಂಡತಿ ರೋಹಿಣಿ ಮಾತ್ರ ಸೆರಗು ಬಾಯಿಗೆ ಹಿಡಿದು ಕೇಳಿದಳು.

"ಇದು ನಿಮ್ಮ ಕೈಲೆ ಆಗೂ ಮಾತೇನ್ರಿ?"

"ವಿಜ್ಞಾನ ಓದಿದವರಿಗೆ ಸಂಯಮ ಇರ್ತೈತಿ."

"ಹೌದಲಾ! ಮೊನ್ನೆ ನಾ ಬಡಿಯೂ ರೊಟ್ಟಿ ಕಸಗೊಂಡು ವ್ಯಾಸ ಅಳದವ್ರು ಬ್ಯಾರೆ ಯಾರೋ ಇರಬೇಕು."

ಪ್ರದರ್ಶನದ ವಿಷಯ ನೀರು. ದಾನಿ ಏನು ಮಾಡಬೇಕೆಂದು ಯಾರನ್ನೂ ಕೇಳಲಿಲ್ಲ. ಅಜ್ಜಿ ಸತ್ಯವ್ವನ ಹಳೆಯ ಬಾಗಲಕೋಟೆಯ ಮನೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಆ ಮನೆಯನ್ನೇ ಕಟ್ಟುವುದೆಂದು ತೀರ್ಮಾನಿಸಿ, ಅಡಿಗೆಮನೆಯ ಹಿಟ್ಟು ನಾದುವ ಪರಾತ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಮಣ್ಣು ಕಲಸಿದಳು. ಸತ್ಯವ್ವ ನಡುಮನೆಯಲ್ಲಿ ಹಿತ್ತಿಲ ಬಾಗಿಲಿಗೆ ಹಾಕಿದ ಮಂಚದ ಮೇಲೆ ಕುಳಿತು ಇಲ್ಲಿ ಕಟ್ಟಿ, ಇಲ್ಲಿ ಎಮ್ಮಿ ಮೇಯೂ ಗ್ವಾದಲಿ, ಇಲ್ಲಿ ನಿಮ್ಮಜ್ಜ ಬೈಸಿಗೊಂತ ಕುಂಡ್ರೂ ಜಾಗಾ ಎಂದು ತೋರಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಸೋಮಲಿಂಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ನೋಡಲಿಕ್ಕೆ, ಹಿತ್ತಿಲಿಗೆ ಬಂದ. ಗೋಡೆ ಪಂಚಮಿಯ ಜೋಕಾಲಿಯಂತೆ ವಾಲಿತ್ತು. ಬಾಗಿಲಲ್ಲಿ ಬೆಕ್ಕು ಕೂಡ ಉಸಿರು ಬಿಗಿಹಿಡಿದು ನುಸುಳಬೇಕು!

"ದಾನಿ, ಈ ಬಾಗಿಲದಾಗ ನಿಮ್ಮಜ್ಜಿ ಹೆಂಗ ಹೋಗಬೇಕ?"

"ಬಗ್ಗಿ ಹೋಗ್ತಾಳ."

"ಖರೇನ, ನಾ ಬಗ್ಗೇ ಹೋಗ್ತಿದ್ದೆ ಬಿಡು," ಎಂದು ಸತ್ಯವ್ವ ಮೊಮ್ಮಗಳ ಪಕ್ಷ ಹಿಡಿದಳು.

ಸೋಮಲಿಂಗನ ಬೆರಳುಗಳು ತುರಿಸತೊಡಗಿದವು. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ! ಅಡಿಗೆಮನೆಗೆ ಹೋಗಿ ಇಕ್ಕಳ ತಂದು, ಅದರಿಂದ ಬಾಗಿಲನ್ನು ಮೆಲ್ಲಗೆ ಅಗಲಿಸಿದ.

"ಏನ್ರಿ ಇದು?" ರೋಹಿಣಿ ಕಿಟಕಿಯಿಂದ ಕೇಳಿದಳು.

"ಬೆರಳು ಹಚ್ಚೂದಿಲ್ಲ ಅಂದೇನಿ. ಇಕ್ಕಳದ ಬಗ್ಗೆ ಮಾತಾಡೇ ಇಲ್ಲ."

ದಾನಿ ಅಪ್ಪನ ಮುಖವನ್ನೇ ಎವೆಯಿಕ್ಕದೆ ನೋಡಿದಳು.

ಇಕ್ಕಳ ಒಮ್ಮೆ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಹಿತ್ತಿಲಿನ ಎರೆಮಣ್ಣು ಒಣಗಿದರೆ ಬಿರಿಯುತ್ತದೆಂದು ಗುಡೂರಿನ ಕಡೆಯ ಕೆಂಪು ಮಸಾರಿ ಮಣ್ಣು ಬಂತು. ಪರಾತ ಸಾಲದೆಂದು ಪ್ಲೈವುಡ್ ಹಲಗೆ ಬಂತು, ದಾನಿಯ ಮನೆ ಸಮೇತ ಅದು ನಡುಮನೆಯ ಟೇಬಲ್ಲು ಏರಿತು. ಮನೆ ಮುಳುಗುವುದೇನೋ ಸರಿ, ಕಾರಣವಿಲ್ಲದೆ ಮುಳುಗುವುದುಂಟೇ? ಹಲಗೆಯ ಒಂದು ಬದಿಗೆ ಅಣೆಕಟ್ಟು ಎದ್ದಿತು. ಗೇಟು, ಗೇಟಿಗೆ ದಾರ, ಗೋಡೆಯ ಮೇಲೆ ಅಳತೆಯ ಗೆರೆ! ಒಂದು ಹನಿ ಸೋರದಂತೆ ಅಂಟುಗಾರೆ ಮೆತ್ತಿ ಹಲಗೆಗೇ ಬೆಸೆದುಬಿಟ್ಟ. ಅಣೆಕಟ್ಟು ಆದಮೇಲೆ ನದಿ ಬೇಡವೇ? ಮಾಳಿಗೆಯ ನೀರಿನ ಟಾಕಿಯಿಂದ ಪೈಪು ಇಳಿದು ಕಿಟಕಿಯಲ್ಲಿ ತೂರಿ ನಡುಮನೆಯ ಟೇಬಲ್ಲಿಗೆ ಬಂತು. ಅಷ್ಟರಲ್ಲಿ ದಾನಿ ಅಜ್ಜಿಯ ಪಕ್ಕ ಕುಳಿತು ಶೇಂಗಾ ತಿನ್ನುತ್ತಿದ್ದಳು. ಅವಳಿಗೆ ಮಾಡಲು ಏನೂ ಉಳಿದಿರಲಿಲ್ಲ.

"ಒಂದ ಹನಿ ಬಿಟ್ಟು ನೋಡೂಣು," ಎಂದು ಸೋಮಲಿಂಗ ಮಾಳಿಗೆ ಹತ್ತಿದ. ಅಂದು ನಲ್ಲಿಗೆ ನೀರು ಬಿಡುವ ದಿನ. ರೋಹಿಣಿ ಬೆಳಿಗ್ಗೆಯೇ ಟಾಕಿ ತುಂಬಿಸಿದ್ದಳು.

ಟಾಕಿಯ ತಿರುಗಣಿ ಬಿಗಿಯಾಗಿತ್ತು. ಒತ್ತಿ ತಿರುಗಿಸಿದ. ಅದು ಪೂರಾ ತಿರುಗಿ, ಕಿತ್ತು, ಕೈಗೇ ಬಂತು.

"ಬಂತೇನು?" ಮೇಲಿನಿಂದ ಕೂಗಿದ.

"ಬಂತ್ರೀ! ಸಾಕು ಬಂದ್ ಮಾಡ್ರಿ!" ರೋಹಿಣಿ ಕೆಳಗಿನಿಂದ ಚೀರಿದಳು.

"ಎಷ್ಟು ಎತ್ತರ ಬಂತು? ಅಳತಿ ಹೇಳು!"

"ನನ್ನ ಪಾದದ ಮಟಾ ಬಂತ್ರೀ!"

ಸೋಮಲಿಂಗ ಓಡಿ ಇಳಿದು ಬಂದು ನೋಡಿದ. ಅಣೆಕಟ್ಟು ಅದ್ಭುತ! ಒಂದೇ ಒಂದು ಹನಿ ಸೋರಿರಲಿಲ್ಲ. ನೀರು ಹಲಗೆಯ ಉಳಿದ ಮೂರು ಬದಿಯಿಂದ ಇಳಿಯುತ್ತಿತ್ತು. ಆ ಕಡೆಯ ಗುಡ್ಡಗಳನ್ನು ಸಾಯಂಕಾಲ ಕಟ್ಟಿದರಾಯಿತೆಂದು ಅವನು ಬಿಟ್ಟಿದ್ದ.

ಜೋಳದ ಹಿಟ್ಟಿನ ಡಬ್ಬಿ ದೋಣಿಯಾಗಿ ದೇವರ ಜಗುಲಿಯತ್ತ ಹೊರಟಿತ್ತು. ಸತ್ಯವ್ವ ಮಂಚದ ಮೇಲೆ ಕಾಲು ಮಡಚಿ ಕುಳಿತು ಹೇಳಿದಳು. "ಮೊದಲನೇ ಸಲ ಸರಕಾರ ಮುಳಗಿಸ್ತು, ಪರಿಹಾರ ಕೊಟ್ರು. ಈ ಸಲ ಹಡದ ಮಗನ ಮುಳಗಿಸ್ಯಾನ. ನೀ ಏನ ಕೊಡ್ತಿಯಪಾ?"

ರೋಹಿಣಿ ಪೈಪನ್ನು ಎಳೆದು ಕಿಟಕಿಯಿಂದಾಚೆ ಎಸೆದಳು. ಆಚೆ ನೆರೆಮನೆಯ ಮಾಬುಬಿ ಮೆಣಸಿನಕಾಯಿ ಒಣಹಾಕಿದ್ದರು!

"ಸೋಮಲಿಂಗಣ್ಣಾರ! ನೋಟೀಸ್ ಕೊಡದ ಗೇಟ್ ತಗದ್ರೇನ್ರಿ?"

"ಬೆರಳು ಹಚ್ಚೂದಿಲ್ಲ ಅಂದ್ರಿ. ಹಚ್ಚಬ್ಯಾಡ್ರಿ," ಎಂದು ರೋಹಿಣಿ ಗಂಡನ ಕೈಗೆ ಕಸಬರಿಗೆ ಕೊಟ್ಟಳು. "ಇದನ್ನ ಹಚ್ಚಿ ನೀರು ಬಳೀರಿ."

ದಾನಿಯ ಮಣ್ಣಿನ ಮನೆ ಕರಗಿ ಕೆಸರಾಗಿತ್ತು. ಅವಳು ಅಳಲಿಲ್ಲ. ಅಪ್ಪ ಮತ್ತೆ ಇಕ್ಕಳ ಹಿಡಿದು ಬಂದದ್ದನ್ನು ನೋಡಿ, "ನೀ ದೂರ ನಿಂದ್ರು," ಎಂದಳು. ಅಣೆಕಟ್ಟನ್ನು ಕೀಳಲು ನೋಡಿದಳು. ಅದು ಅಲುಗಲಿಲ್ಲ, ಅಷ್ಟು ಗಟ್ಟಿ. ಕೊನೆಗೆ ಅದೇ ಹಲಗೆಯ ಮೇಲೆ, ಹಿತ್ತಿಲ ಎರೆಮಣ್ಣಿನಿಂದ, ಮೊದಲಿಗಿಂತ ಹೆಚ್ಚು ವಾಲಿದ ಇನ್ನೊಂದು ಮನೆ ಕಟ್ಟಿದಳು.

ಸೋಮವಾರ ಪ್ರದರ್ಶನ. ಪಾಲಕರೆಲ್ಲ ಸುತ್ತ ನೆರೆದಿದ್ದರು. ದಾನಿ ಅಜ್ಜಿಯ ಮನೆಯ ಕಟ್ಟೆ, ಗ್ವಾದಲಿ, ಅಜ್ಜ ಬೈಸಿಕೊಳ್ಳುವ ಜಾಗ ಎಲ್ಲವನ್ನೂ ತೋರಿಸಿ, ಚರಿಗೆಯಿಂದ ತಾನೇ ನೀರು ಬಿಟ್ಟು, ಮೊದಲು ಯಾವುದು ಮುಳುಗಿತು, ಆಮೇಲೆ ಯಾವುದು ಎಂದು ಹೇಳಿದಳು. ನಿಂತವರು ಬಗ್ಗಿ ಬಗ್ಗಿ ನೋಡಿದರು. ಬಸವೇಶ್ವರಿ ಟೀಚರ ಕಣ್ಣು ವಾಲಿದ ಗೋಡೆಯಿಂದ ಸರಿದು, ಗೆರೆ ಎಳೆದಂತೆ ನಿಂತ ಅಣೆಕಟ್ಟಿನ ಮೇಲೆ ನಿಂತಿತು.

"ಇದು ಭಾಳ ಛಂದ ಐತಿ. ಇದಕ್ಕ ಅಪ್ಪ ಏನರ ಸಹಾಯ ಮಾಡಿದ್ರೇನವಾ?"

ಸೋಮಲಿಂಗ ಮೆಲ್ಲಗೆ ಒಬ್ಬರ ಬೆನ್ನ ಹಿಂದೆ ಸರಿದ. ಮೈಕಿನ ಮಾತು ಕೇಳಿದವರೆಲ್ಲ ಅಲ್ಲೇ ಇದ್ದರು.

ದಾನಿ ಟೀಚರನ್ನು ನೇರವಾಗಿ ನೋಡಿದಳು. "ಇಲ್ರಿ ಟೀಚರ್. ನಮ್ಮಪ್ಪ ಒಂದ ಬೆರಳೂ ಹಚ್ಚಿಲ್ರಿ."

ಜನ ಮೆಚ್ಚಿ ತಲೆದೂಗಿದರು. ಸೋಮಲಿಂಗನಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಅಲ್ಲೇ ತಡವರಿಸಿತು. ಇಕ್ಕಳ ಹಿಡಿದು ತಾನಾಡಿದ ಅದೇ ಧ್ವನಿ, ಅದೇ ಗತ್ತು, ಒಂದಕ್ಷರ ಸುಳ್ಳಿಲ್ಲದೆ ಪೂರಾ ಸುಳ್ಳು ಹೇಳುವ ಅದೇ ಜಾಣ್ಮೆ! ಗುರುತ್ವಾಕರ್ಷಣೆ, ಪ್ರಮಾಣ, ಮಣ್ಣಿನ ಗುಣ ಎಂದು ಇಡೀ ಭಾನುವಾರ ಅವನು ಕಲಿಸಿದ್ದರಲ್ಲಿ ಮಗಳು ಕಲಿತದ್ದು ಇದೊಂದನ್ನೇ.

ಇನ್ನು ತಡೆಯಲಾಗಲಿಲ್ಲ. ಗುಂಪನ್ನು ಸರಿಸಿಕೊಂಡು ಮುಂದೆ ಬಂದ.

"ಟೀಚರ್, ಅದು ಖರೆ ಅಲ್ರಿ! ಅಣೆಕಟ್ಟು ಕಟ್ಟಿದವ ನಾನ. ಇಕ್ಕಳ ಹಿಡಿದು ಕಟ್ಟಿದೆ. ಮನಿ ಮುಳಗಿಸಿದವನೂ ನಾನ. ತಪ್ಪು ಹುಡುಗೀದಲ್ಲ, ನಂದು. ಮಾತು ಕೊಟ್ಟು ತಪ್ಪಿದೆ!"

ಹೆಂಡತಿಯ ಕಣ್ಣಲ್ಲಿ ಕೂಡ ಮೆಚ್ಚುಗೆ ಮೂಡಿತೆಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ದಾನಿ ಸೊಂಟದ ಮೇಲೆ ಕೈಯಿಟ್ಟು ಅಪ್ಪನತ್ತ ತಿರುಗಿದಳು.

"ಅಪ್ಪಾ, ಟೀಚರ್ ಪ್ರಶ್ನಿ ಕೇಳಿದ್ದು ನನಗ. ಉತ್ತರಾನೂ ನೀನ ಮಾಡಿಕೊಡ್ತಿಯೇನು?"