ಫ್ಲಾಪಿಯಿಲ್ಲದ ಪೆಟ್ಟಿಗೆ

ಅವ್ವನ ಮೊದಲ ವರ್ಷದ ಪುಣ್ಯಸ್ಮರಣೆಗೆ ಅವ್ವನೇ ಬಂದು ಬೀಸುವ ಪದ ಹಾಡಬೇಕು! ತೊಂಬತ್ತೇಳರಲ್ಲಿ, ವಿಲಾಯತಿಯ ಹೇಸ್‌ನ ಬಾಡಿಗೆ ಮನೆಯಲ್ಲಿ, ಸಂಗಮೇಶ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿ ಸ್ಯಾಂಪ್ಲರ್ ತಂದ. ಯಾವ ದನಿಯನ್ನಾದರೂ ಹಿಡಿದಿಟ್ಟುಕೊಂಡು, ಗುಂಡಿ ಒತ್ತಿದರೆ ಒಪ್ಪಿಸುವ ಪೆಟ್ಟಿಗೆ ಅದು. ಹ್ಯಾರೋದಲ್ಲಿದ್ದ ಷಡ್ಡಕ ವೀರಭದ್ರನ ಬಳಿ ಅದೇ ಕಂಪನಿಯ ದುಬಾರಿ ಮಾಡೆಲ್ ಇತ್ತು. ಇವನದು ಅಗ್ಗದ್ದು.

“ಅದರಾಗ ಜಾಸ್ತಿ ಏನೈತಿ? ಫ್ಲಾಪಿ ಹಾಕೂ ಒಂದು ಬಾಯಿ. ಅಷ್ಟಽ!” ಎಂದು ಹೆಂಡತಿ ಸೌಂದರ್ಯಾಳ ಮುಂದೆ ಎದೆಯುಬ್ಬಿಸಿದ.

ಊರಿನಿಂದ ತಂದ ಒಂದೇ ಒಂದು ಕ್ಯಾಸೆಟ್ಟಿನಿಂದ ಅವ್ವನ ಪದ ಪೆಟ್ಟಿಗೆಗೆ ಇಳಿಯಿತು, ಬಳೆಯ ಸದ್ದಿನ ಸಮೇತ! ಕ್ಯಾಸೆಟ್ಟಿನ ಕೆಲಸ ಮುಗಿಯಿತೆಂದು ಪುಣ್ಯಾತ್ಮ ಅದರ ಮೇಲೆಯೇ ತನ್ನ ತಾಳದ ಪ್ರಾಕ್ಟೀಸ್ ರೆಕಾರ್ಡ್ ಮಾಡಿಕೊಂಡ.

ಸಂಜೆ ವೀರಭದ್ರನ ಫೋನು. “ನಂದು ಫ್ಲಾಪಿಗೆ ಇಳಸ್ತೈತಿ. ನಿಂದು ಎಲ್ಲಿ ಇಳಸ್ತೈತೋ? ಕರೆಂಟ್ ತಗದ್ರ ಒಳಗಿಂದೆಲ್ಲಾ ಅಳಿಸಿ ಹೋಗ್ತೈತಿ!”

ಸಂಗಮೇಶ ಫೋನಿಟ್ಟವನೇ ಪ್ಲಗ್ಗಿನ ಮುಂದೆ ಕಾವಲು ನಿಂತ.

“ಹೊಳ್ಳಿ ಕ್ಯಾಸೆಟ್ಟಿಗೆ ಹಾಕ್ರಲ್ಲ,” ಎಂದಳು ಸೌಂದರ್ಯಾ.

“ಕ್ಯಾಸೆಟ್ಟಿಗಾ? ವೀರಭದ್ರ ನಗೂದಿಲ್ಲೇನ? ನೀ ಸ್ವಿಚ್ ಬಂದ್ ಮಾಡಬ್ಯಾಡ, ಮುಗೀತು!”

ಅಂದಿನಿಂದ ಮನೆಯಲ್ಲಿ ತುರ್ತುಪರಿಸ್ಥಿತಿ. ಆ ಪ್ಲಗ್ಗಿನ ಬಳಿ ಕಸ ಹೀರುವ ಹೂವರ್ ಸುಳಿಯುವಂತಿಲ್ಲ, ಮಗು ಸುಳಿಯುವಂತಿಲ್ಲ, ಹೆಂಡತಿಯೂ ಸುಳಿಯುವಂತಿಲ್ಲ! ನಗಬೇಡಿ. ರಜೆ ಸಿಗದೆ ಅವನು ಅವ್ವನ ಮಣ್ಣಿಗೂ ಹೋಗಿರಲಿಲ್ಲ. ಅವನ ಪಾಲಿಗೆ ಉಳಿದಿದ್ದು ಆ ದನಿಯೊಂದೇ.

ಪುಣ್ಯಸ್ಮರಣೆಯ ದಿನ ವೀರಭದ್ರನ ಕಾರಿನಲ್ಲಿ ಅವ್ವನ ತಂಗಿ ಶಿವಕ್ಕ ಬಂದಿಳಿದರು. ಬೆಲ್ ಆಯಿತು. ಕೋಣೆ ಬಿಡುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಬೇಕೆಂಬುದು ಧಾರವಾಡದಲ್ಲಿ ಅವ್ವ ಗದರಿಸಿ ಕಲಿಸಿದ ಪಾಠ. ಬಾಗಿಲಿಗೆ ಓಡುವ ಗಡಿಬಿಡಿಯಲ್ಲಿ ಸಂಗಮೇಶನ ಕೈ ತಾನಾಗಿಯೇ ಹೋಯಿತು. ಟಪ್, ಟಪ್, ಟಪ್. ದೀಪ, ಹೀಟರ್, ಅವ್ವ.

ಎಲ್ಲರೂ ಫೋಟೋದ ಮುಂದೆ ಕುಳಿತ ಮೇಲೆ ಗತ್ತಿನಿಂದ ಗುಂಡಿ ಒತ್ತಿದ. ಮತ್ತೆ ಒತ್ತಿದ. ಪೆಟ್ಟಿಗೆ ತೆಪ್ಪಗಿತ್ತು. ಸ್ವಿಚ್ಚಿನತ್ತ ನೋಡಿದವನೇ ನೆಂಟರೆದುರು ಮಗುವಿನ ಹಾಗೆ ಅತ್ತುಬಿಟ್ಟ.

“ಅಳಬ್ಯಾಡೋ ಸಂಗ್ಯಾ,” ಶಿವಕ್ಕ ಬೆನ್ನು ಸವರಿದರು. “ನಿಮ್ಮವ್ವ ತೊಡಿ ಮ್ಯಾಲೆ ನಿನ್ನ ಮಲಗಿಸಿಕೊಂಡು ಹಾಡ್ತಿದ್ದ ಪದ ಅದು. ನೀನಽ ಹಾಡು, ಕೇಳ್ತೀವಿ.”

ಸಂಗಮೇಶ ಗಂಟಲು ಸರಿಮಾಡಿಕೊಂಡ. ಮೊದಲ ಸಾಲು ಬಂತು. ಎರಡನೆಯದು ಎಷ್ಟು ತಡಕಾಡಿದರೂ ಬರಲಿಲ್ಲ.

ಆಗ ಅಡುಗೆಮನೆಯಿಂದ ಸೌಂದರ್ಯಾ ಪದ ಎತ್ತಿಕೊಂಡಳು. ಎರಡನೇ ಸಾಲು, ಮೂರನೆಯದು, ಕೊನೆಯವರೆಗೂ ಎಲ್ಲಿಯೂ ತಡವರಿಸಲಿಲ್ಲ. ಶಿವಕ್ಕ ಕಣ್ಣೊರೆಸಿಕೊಂಡರು.

“ನಿನಗ ಹೆಂಗ ಬರ್ತೈತಿ?” ಸಂಗಮೇಶ ಬಾಯಿಬಿಟ್ಟ.

“ನನ್ನ ಬಾಣಂತನಕ್ಕ ಅತ್ತಿ ಇಲ್ಲಿಗೆ ಬಂದಾಗ ದಿನಾ ಹಾಡ್ತಿದ್ರಲ್ರೀ,” ಎಂದಳು ಸೌಂದರ್ಯಾ. “ನೀವೂ ಇಲ್ಲೇ ಕೂತಿರ್ತಿದ್ರಿ, ಹೆಡ್‌ಫೋನ್ ಹಾಕ್ಕೊಂಡು.”