ಕ್ಯಾಪ್ಟನ್ನು ತಿರುಗಿ ನೋಡಲಿಲ್ಲ

ದರ್ಜಿಗೆ ಹೃದಯವಿಲ್ಲ, ಅದಿರಬೇಕಾದ ಜಾಗದಲ್ಲಿ ಅಳತೆಯ ಟೇಪು ಸುತ್ತಿಟ್ಟಿದೆ. ಇದು ನೆರೆಹೊರೆಯವರ ಚಾಡಿಯಲ್ಲ, ಅವನೊಂದಿಗೆ ಒಂದು ಜನ್ಮ ಬಾಳಿದ ಹೆಂಡತಿಯ ತೀರ್ಪು. ಮಗಳ ಮದುವೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಅಳಿಯನ ಕೋಟಿನ ತೋಳು ಅರ್ಧ ಇಂಚು ಉದ್ದವಾಯಿತೆಂದು ಇವನು ಮುಖ ಸಿಂಡರಿಸಿಕೊಂಡು ಕೂತಿದ್ದ.

ಅಂಥವನು ಊಟ ಬಿಟ್ಟದ್ದು ಒಂದು ಸಿನಿಮಾಕ್ಕಾಗಿ. ಯೌವನದಲ್ಲಿ ಲೆಕ್ಕವಿಲ್ಲದಷ್ಟು ಸಲ ನೋಡಿದ ಹಡಗಿನ ಚಿತ್ರ ಅದು. ಕೊನೆಯಲ್ಲಿ ಕ್ಯಾಪ್ಟನ್ನು ತಾನು ಸಾಕಿದ ಅನಾಥ ಹುಡುಗನನ್ನು ದಡದಲ್ಲಿ ಬಿಟ್ಟು, ತಿರುಗಿ ನೋಡದೆ ಹಡಗು ಹತ್ತುತ್ತಾನೆ. ಇಷ್ಟು ವರ್ಷಗಳ ಮೇಲೆ ನಿರ್ದೇಶಕನಿಗೆ ಅದಕ್ಕೂ ಹಿಂದಿನ ಕಥೆ ಹೇಳುವ ಉಮೇದು ಬಂತು. ಆ ಹೊಸ ಚಿತ್ರದಲ್ಲಿ ಹುಡುಗ ಕ್ಯಾಪ್ಟನ್ನನ ಸ್ವಂತ ಮಗನೆಂದಾಯಿತು. ಸ್ವಂತ ಮಗನನ್ನು ತಿರುಗಿ ನೋಡದ ತಂದೆಯುಂಟೇ? ಹಾಗಾಗಿ ಹಳೆಯದನ್ನೂ ತಿದ್ದಿ ಮತ್ತೆ ಬಿಡುಗಡೆ ಮಾಡಿದ. ಈಗ ಕ್ಯಾಪ್ಟನ್ನು ತಿರುಗುತ್ತಾನೆ. ಕಣ್ಣ ತುಂಬ (ಕಂಪ್ಯೂಟರ್ ಸುರಿಸಿದ) ನೀರು.

“ಇದು ಕೊಲೆ,” ಎಂದ ದರ್ಜಿ.

“ನೀವು ದಿನಾ ಮಾಡೋದೂ ಅದೇ ಅಲ್ವೇನ್ರೀ? ಬಿಗಿ ಮಾಡೋದು, ಸಡಿಲ ಮಾಡೋದು.”

“ಪ್ಯಾಂಟು ಬೇರೆ ಕಣೇ. ಹೊಟ್ಟೆ ಬೆಳೆಯುತ್ತೆ, ಸಡಿಲ ಮಾಡ್ತೀನಿ. ಮುಗಿದ ಸಿನಿಮಾಕ್ಕೆ ಹೊಟ್ಟೆ ಬೆಳೆಯುತ್ತಾ?”

“ಪಾಪ, ಅವನು ತಿರುಗಿ ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ತಿರುಗಿದ್ರೆ ಅವನಿಗೆ ಹೋಗೋಕೇ ಆಗಲ್ಲ! ಅಷ್ಟೂ ತಿಳಿಯಲ್ವಾ ನಿನಗೆ?”

ತಿದ್ದದ ಒಂದು ಪ್ರತಿ ಮನೆಯಲ್ಲಿತ್ತು, ಹಳೆಯ ವಿಡಿಯೋ ಕ್ಯಾಸೆಟ್ಟು. ರಜೆಗೆ ಬಂದಿದ್ದ ಮೊಮ್ಮಗಳು ಆ ಚಿತ್ರ ನೋಡಿರಲಿಲ್ಲ. ಊರಿಗೆ ಮರಳಿದೊಡನೆ ಅವಳಪ್ಪ ಅವಳನ್ನು ತಿದ್ದಿದ ಚಿತ್ರಕ್ಕೆ ಕರೆದೊಯ್ಯುವವನಿದ್ದ. “ಮೊದಲನೇ ಸಲ ನೋಡೋದು ಬದುಕಲ್ಲಿ ಒಂದೇ ಸಲ. ಆ ಅಳುಮುಂಜಿ ಇವಳ ತಲೆ ಹೊಕ್ಕೋ ಮುಂಚೆ ನಾನು ಅಸಲಿ ತೋರಿಸ್ಬೇಕು,” ಎಂದು ದರ್ಜಿ ಭಾನುವಾರ ಮಧ್ಯಾಹ್ನ ಪರದೆ ಎಳೆದು ಕೂತ.

ಎಲ್ಲ ಸುಸೂತ್ರವಾಗಿ ನಡೆಯಿತು. ಕ್ಯಾಪ್ಟನ್ನು ಹುಡುಗನ ತಲೆ ಸವರಿದ. ಅಷ್ಟರಲ್ಲಿ ಯಂತ್ರ ಕರಕರ ಎಂದು ರೀಲನ್ನು ಅಗಿಯತೊಡಗಿತು. ಎಳೆದು ಬಿಡಿಸುವಾಗ ರೀಲು ಹರಿಯಿತು. ಎರಡು ಮಾರು ಉದ್ದ ನಿರಿಗೆ ನಿರಿಗೆಯಾಗಿ ಸುಕ್ಕುಗಟ್ಟಿತ್ತು.

ದರ್ಜಿ ಗಾಬರಿಯಾಗಲಿಲ್ಲ. ಹರಿದದ್ದನ್ನು ಕೂಡಿಸುವುದೇ ಅವನ ಕಸುಬು. ಕತ್ತರಿ ತಂದ.

“ಕತ್ತರಿಸ್ಬೇಡಿ ಕಣ್ರೀ! ಅದರಲ್ಲಿ ಏನಿದೆ ಗೊತ್ತಾ?”

“ಏನಿದೆ? ಸುಕ್ಕಿದೆ. ಕೆಟ್ಟ ಭಾಗ ತೆಗೀದೆ ಕೂಡಿಸಿದ್ರೆ ಜೋಡಣೆ ಕೂರಲ್ಲ. ನನಗೆ ಕೆಲಸ ಕಲಿಸೋಕೆ ಬರಬೇಡ.”

ಸುಕ್ಕಾದದ್ದನ್ನೆಲ್ಲ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ, ಗಮ್ ಟೇಪು ಅಂಟಿಸಿದ. ಜೋಡಣೆ ಎಲ್ಲಿದೆಯೆಂದು ಹುಡುಕಬೇಕು, ಅಂಥ ಕುಶಲ ಕೆಲಸ. ಮತ್ತೆ ಹಾಕಿದ. ಕ್ಯಾಪ್ಟನ್ನು ಹುಡುಗನ ತಲೆ ಸವರಿದ. ಮರುಕ್ಷಣವೇ ಹಡಗಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಸಮಾಪ್ತ.

“ಕ್ಯಾಪ್ಟನ್ನು ಹಡಗಿಗೆ ಹಾರಿಬಿಟ್ರಾ ತಾತ?” ಎಂದಳು ಮೊಮ್ಮಗಳು.

“ಆ ನಿರ್ದೇಶಕ ಪಾಪ ಬರೀ ತಿದ್ದಿದ,” ಎಂದಳು ಹೆಂಡತಿ, “ನೀವು ಬುಡಸಮೇತ ಕಿತ್ತುಬಿಟ್ರಿ.”

ದರ್ಜಿಯ ಮುಖ ನೋಡುವ ಹಾಗಿರಲಿಲ್ಲ. ನೆಲದ ಮೇಲಿದ್ದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಕಂದು ಬಣ್ಣ ಬಿಟ್ಟು ಏನೂ ಕಾಣಲಿಲ್ಲ.

“ಮಧ್ಯ ಏನಾಯ್ತು ಹೇಳಿ ತಾತ,” ಎಂದು ಮೊಮ್ಮಗಳು ಹಟ ಹಿಡಿದಳು.

“ಹೇಳೋದಲ್ಲ, ಮಾಡೇ ತೋರಿಸ್ತೀನಿ.” ಅವಳನ್ನು ಸೋಫಾದ ಪಕ್ಕ ನಿಲ್ಲಿಸಿದ. “ನೀನು ಹುಡುಗ. ಇದು ದಡ. ಬಾಗಿಲಾಚೆ ಹಡಗು. ನಾನು ತಿರುಗದೆ ಹೋಗ್ತೀನಿ. ನೀನು ಕೂಗಬಾರದು.”

“ಯಾಕೆ ಕೂಗಬಾರದು?”

“ಆ ಹುಡುಗ ಕೂಗಲ್ಲ, ಅದಕ್ಕೆ.”

ತಲೆ ಸವರಿ, ಬೆನ್ನು ಸೆಟೆಸಿ ಹೊರಟ. ನಡಿಗೆಯಲ್ಲಿ ಸಾಕ್ಷಾತ್ ಸಮುದ್ರವೇ ತೂಗುತ್ತಿತ್ತು. ಹೆಂಡತಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಮೊಮ್ಮಗಳು ಮಾತಿಗೆ ತಪ್ಪದೆ ಬಾಯಿ ಬಿಗಿದು ನಿಂತಳು. ಹಿಂದಿನಿಂದ ಒಂದು ಸದ್ದಿಲ್ಲ. ಹೊಸ್ತಿಲ ಹತ್ತಿರ ದರ್ಜಿಯ ಹೆಜ್ಜೆ ತಡೆಯಿತು. ಕತ್ತು ನಿಧಾನವಾಗಿ ಹೊರಳಿತು.

“ತಪ್ಪು ತಾತ, ತಪ್ಪು! ತಿರುಗಬಾರದು ಅಂದೋರು ನೀವೇ. ಮತ್ತೆ ಮೊದಲಿಂದ!”

ಹೆಂಡತಿಯ ನಗು ಎಲ್ಲೋ ಅಡಗಿತ್ತು. ದರ್ಜಿ ದಡಕ್ಕೆ ಮರಳಿದ, ತಲೆ ಸವರಿದ, ಹೊರಟ.

ಈ ಸಲ ಬಾಗಿಲವರೆಗೂ ಹೋಗಲಿಲ್ಲ.