ಅಡುಗೆಮನೆ ನಲ್ಲಿಗೆ ನಲವತ್ತು ಪ್ರೇಕ್ಷಕರು

"ಈ ವರ್ಷ ಆ ಉತ್ಸವದ ಗಾಳಿ ಕೂಡ ನನ್ನ ಹೊಸ್ತಿಲು ದಾಟಬಾರದು, ತಿಳೀತಾ?"

ದೊಡ್ಡಮ್ಮ ಹೀಗೆ ಘೋಷಿಸಿದ್ದು ಸೋಮವಾರ ಬೆಳಿಗ್ಗೆ, ಕೈಯಲ್ಲಿ ಪೊರಕೆ ಹಿಡಿದು. ಬೀದಿಗೆಲ್ಲ ಅವರು ದೊಡ್ಡಮ್ಮ, ಮನೆಯೊಳಗೆ ಚಕ್ರವರ್ತಿನಿ. ಊರಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಕಲೆಯ ಉತ್ಸವ. ಆ ಹತ್ತು ದಿನ ಯಾವುದು ಏನು ಎಂದೇ ಗೊತ್ತಾಗುವುದಿಲ್ಲ. ಬಸ್ ನಿಲ್ದಾಣದಲ್ಲಿ ನಿಂತವರು ಬಸ್ಸಿಗೆ ಕಾಯುತ್ತಿದ್ದಾರೋ, ನಾಟಕ ಆಡುತ್ತಿದ್ದಾರೋ! ಹೋದ ವರ್ಷ ಕಾಲುನೋವೆಂದು ಪಾರ್ಕಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಏಳಹೋದರೆ, ಸುತ್ತ ಹದಿನೈದು ಜನ ದೊಡ್ಡಮ್ಮನ ಚಿತ್ರ ಬರೆಯುತ್ತಿದ್ದರು. ಒಬ್ಬನಂತೂ "ಅಲ್ಲಾಡ್ಬೇಡಿ, ಮೂಗು ಇನ್ನೂ ಬಾಕಿ ಇದೆ" ಎಂದು ಗದರಿಸಿದ್ದ.

"ಆಗಲಿ ಕಣೇ," ಎಂದರು ಯಜಮಾನರು. ಹಾಗೆನ್ನುವಾಗ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಕಾರಣವಿತ್ತು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಮನುಷ್ಯ. ಯಾರು ಏನು ಕೇಳಿದರೂ "ಬನ್ನಿ, ಜಾಗ ಇದೆ" ಎನ್ನುವುದು ನಾಲಗೆಗೆ ಅಂಟಿಹೋಗಿತ್ತು. ಉತ್ಸವದವರು "ಸದ್ದಿನ ಪ್ರಯೋಗಕ್ಕೆ ಒಂದು ಮನೆ ಬೇಕಿತ್ತು" ಎಂದಾಗಲೂ ಅದನ್ನೇ ಅಂದುಬಿಟ್ಟಿದ್ದರು. ಹೆಂಡತಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

ಗುರುವಾರ ಒಂದು ಗಂಟೆಗೆ ಬೀಗಿತ್ತಿ, ಎಂದರೆ ಮಗಳ ಅತ್ತೆ, ಊಟಕ್ಕೆ ಬರುವವರಿದ್ದರು. ಮದುವೆಯಾದ ಮೇಲೆ ಇದೇ ಮೊದಲು. ಒರೆಸಿದ ಮೇಜನ್ನೂ ಬೆರಳಲ್ಲಿ ಉಜ್ಜಿ ನೋಡುವ ಹೆಂಗಸು ಆಕೆ. ಸರಿಯಾಗಿ ಅದೇ ಬೆಳಿಗ್ಗೆ ಅಡುಗೆಮನೆಯ ನಲ್ಲಿ ಕೈಕೊಟ್ಟಿತು! ಎಷ್ಟು ಬಿಗಿದರೂ ಟಪ್ ಟಪ್ ಟಪ್. ಮಹಡಿಯ ಟ್ಯಾಂಕಿನಲ್ಲಿ ಉಳಿದದ್ದು ಕಾಲು ಭಾಗ. ಮತ್ತೆ ನೀರು ಬರುವುದು ಮರುದಿನ. ಮೇಲಿಂದಲೇ ನಿಲ್ಲಿಸೋಣವೆಂದರೆ ಟ್ಯಾಂಕಿನ ವಾಲ್ವು ತುಕ್ಕು ಹಿಡಿದು ಯಾವ ಕಾಲವಾಗಿತ್ತೋ! ಹೀಗೇ ಸೋರಿದರೆ ಬೀಗಿತ್ತಿ ಕೈ ತೊಳೆಯುವುದೆಲ್ಲಿ? ದೊಡ್ಡಮ್ಮ ಪ್ಲಂಬರ್ ಅಂಗಡಿಗೆ ಫೋನು ಮಾಡಿದರು. "ಹತ್ತಕ್ಕೆ ಒಬ್ಬನ್ನ ಕಳಿಸ್ತೀವಿ," ಎಂದರು ಅಂಗಡಿಯವರು.

ಹತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ಒಬ್ಬ. ಹೆಗಲಲ್ಲಿ ಚೀಲ, ಕೊರಳಲ್ಲಿ ಗುರುತಿನ ಚೀಟಿ. ಮಾತಿಲ್ಲ ಕತೆಯಿಲ್ಲ, ಕೈ ಮುಗಿದ.

"ನಲ್ಲಿ ಇಲ್ಲಿದೆ ಬಾಪ್ಪಾ."

ಅವನು ಸಿಂಕಿನ ಮುಂದೆ ನಿಂತು ಹನಿಯನ್ನೇ ನೋಡಿದ, ಐದು ನಿಮಿಷ. ಕಣ್ಣು ಮುಚ್ಚಿ ಕೇಳಿದ, ಇನ್ನೈದು ನಿಮಿಷ. ದೊಡ್ಡಮ್ಮನಿಗೆ ಎದೆ ತುಂಬಿ ಬಂತು. ಬಡಗಿಯಾಗಲಿ, ಗಾರೆಯವನಾಗಲಿ, ಅವರು ಕೆಲಸಗಾರನನ್ನು ಅಳೆಯುತ್ತಿದ್ದುದು ಬಾಯಿಂದ. ಬಾಯಿ ಮುಚ್ಚಿದ್ದರೆ ಕೆಲಸ ಗಟ್ಟಿ! ಅವನು ಚೀಲದಿಂದ ವೈರುಗಳನ್ನು ತೆಗೆದ. ಈಗಿನ ನಲ್ಲಿಗೆ ಕರೆಂಟೂ ಬೇಕೇನೋ ಅಂದುಕೊಂಡರು. ಪಾತ್ರೆ, ಲೋಟ, ಬಕೆಟ್ಟುಗಳನ್ನು ಒಂದೊಂದಾಗಿ ಹನಿಯ ಕೆಳಗಿಟ್ಟು ತಲೆದೂಗಿದ. ಆಮೇಲೆ ನಲ್ಲಿಯನ್ನು ಚೂರು ಸಡಿಲಿಸಿದ. ಟಪ್ ಟಪ್ ಹೋಗಿ ಜುಳುಜುಳು ಬಂತು.

"ರೋಗ ಹೊರಗೆ ಬರ್ತಿದೆ," ಎಂದು ದೊಡ್ಡಮ್ಮ ಸಮಾಧಾನ ಮಾಡಿಕೊಂಡರು.

ಅಷ್ಟರಲ್ಲಿ ಗೇಟಿನ ಬಳಿ ಇನ್ನೊಬ್ಬ. ಕೈಯಲ್ಲಿ ಪೆಟ್ಟಿಗೆ, ಬಾಯಲ್ಲಿ ಜಲಪಾತ.

"ಏನಮ್ಮಾ, ಮನೆ ಅಂದ್ರೆ ಹೀಗಿರ್ಬೇಕು! ಗೋಡೆ ಒಳಗೆ ನೀರು ಓಡಾಡೋದು ನಂಗಿಲ್ಲಿಂದ್ಲೇ ಕೇಳಿಸ್ತಿದೆ. ನೀರಿಗೂ ಒಂದು ಮನಸ್ಸಿದೆ ನೋಡಿ, ಅದನ್ನ ಅರ್ಥ ಮಾಡ್ಕೋಬೇಕು!"

ದೊಡ್ಡಮ್ಮ ತಕ್ಷಣ ಗುರುತು ಹಿಡಿದರು. ಕಲಾವಿದ!

"ನಮ್ಮ ನೀರಿನ ಮನಸ್ಸು ನಮಗೆ ಗೊತ್ತು. ನಡಿಯಪ್ಪಾ ಮುಂದೆ."

"ಅಲ್ಲಮ್ಮಾ, ಹತ್ತಕ್ಕೆ ಬಾ ಅಂದಿದ್ರಲ್ಲ, ನಲ್ಲಿ..."

"ನಲ್ಲಿ ನೋಡೋಕೆ ಆಗ್ಲೇ ಬಂದಿದಾರೆ. ಕೆಲಸ ಬಲ್ಲೋರು. ನಿನ್ನ ಥರ ಬಡಬಡಿಸಲ್ಲ!"

"ಹನ್ನೆರಡು ವರ್ಷ ಪಳಗಿದ ಕೈ ಇದು!"

"ಆ ಕೈನ ಪಾರ್ಕಲ್ಲಿ ತೋರ್ಸು ಹೋಗು!"

ಗೇಟು ಧಡಾರನೆ ಮುಚ್ಚಿತು.

ಹನ್ನೊಂದೂವರೆಗೆ ತರಕಾರಿ ಹೆಚ್ಚುತ್ತಿದ್ದ ದೊಡ್ಡಮ್ಮ ತಲೆಯೆತ್ತಿದರೆ ಅಡುಗೆಮನೆಯಲ್ಲಿ ಆರು ಜನ! ಆರೂ ಜನ ಕಣ್ಣು ಮುಚ್ಚಿ ನಿಂತಿದ್ದಾರೆ.

"ಯಾರ್ರೀ ನೀವೆಲ್ಲ?"

"ಶ್!" ಎಂದರು ಆರೂ ಜನ.

ಹಜಾರದಿಂದ ಯಜಮಾನರ ಕಂಠ ಮೊಳಗಿತು: "ಒಳಗೆ ಹೋಗಿ, ಒಳಗೆ ಹೋಗಿ! ಮುಂದೆ ಖಾಲಿ ಇದೆ! ಬಾಗಿಲಲ್ಲಿ ನಿಲ್ಬೇಡಿ!" ಅವರ ಹಿಂದೆ ಗೇಟಿನವರೆಗೆ ಸಾಲು.

"ಏನ್ರೀ ಇದು?"

"ಅದೂ... ಹೇಳ್ಬೇಕು ಅಂತಿದ್ದೆ ಕಣೇ. ಅವರು ಕಲಾವಿದರು. ಮನೆ ಸದ್ದುಗಳನ್ನ ಜನಕ್ಕೆ ಕೇಳಿಸ್ತಾರಂತೆ."

"ಯಾರು?"

"ನಲ್ಲಿ ಹತ್ರ ನಿಂತಿದಾರಲ್ಲ, ಅವರು."

"ಹಾಗಾದ್ರೆ ಪ್ಲಂಬರು?"

"ಪ್ಲಂಬರ್ ಬಂದೇ ಇಲ್ವಲ್ಲ!"

"ಬಂದಿದ್ದ..." ಎಂದರು ದೊಡ್ಡಮ್ಮ. ಅವರ ದನಿಯೂ ಸೋರಿಹೋಗಿತ್ತು.

ಮರುಕ್ಷಣ ಜನರನ್ನು ತಳ್ಳಿಕೊಂಡು ನುಗ್ಗಿದರು. ನಲ್ಲಿಯನ್ನು ಸಿಟ್ಟಿನಿಂದ ತಿರುಚಿದರು. ನಲ್ಲಿಯ ತಲೆ ಕೈಗೇ ಬಂತು! ನೀರು ಚಾವಣಿಗೆ ಚಿಮ್ಮಿತು. "ಆಹಾ!" ಎಂದಿತು ಸಭೆ. ಕಲಾವಿದ ಅಂದು ಮೊದಲ ಬಾರಿ ಬಾಯಿ ತೆರೆದ: "ಅದ್ಭುತ!"

ಯಜಮಾನರು ಅಂಗಡಿಗೆ ಫೋನು ಮಾಡಿ ಪ್ಲಂಬರನನ್ನು ಹಿಡಿದರು. ಅವನು ಮುನಿಸಿಕೊಂಡಿದ್ದ, ಹೊರಗೆ ಹಾಕಿದವರೇ ಕರೆಯಬೇಕಂತೆ. ದೊಡ್ಡಮ್ಮ ಒಂದು ಕೈಯಲ್ಲಿ ನಲ್ಲಿಯ ಬಾಯಿಗೆ ಬಟ್ಟೆ ತುರುಕಿ ಒತ್ತಿಕೊಂಡು, ಇನ್ನೊಂದರಲ್ಲಿ ಫೋನು ಹಿಡಿದು, "ತಪ್ಪಾಯ್ತು ಬಾಪ್ಪಾ, ನೀನು ಎಷ್ಟು ಬೇಕಾದ್ರೂ ಮಾತಾಡು!" ಎಂದು ಅಂಗಲಾಚಿದರು.

ಅವನು ಬಂದ. ಮಾತಾಡುತ್ತಲೇ ಬಂದ. ಅಷ್ಟರಲ್ಲಿ ಅಡುಗೆಮನೆ, ಹಜಾರ, ಮೆಟ್ಟಿಲು ಸೇರಿ ನಲವತ್ತು ಜನ.

"ನೋಡಿ ಸ್ವಾಮೀ, ಇದು ವಾಷರ್!" ಎಂದು ಕಪ್ಪು ಬಳೆಯಂಥದ್ದೊಂದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ. "ಉಗುರಷ್ಟಗಲ. ಇದು ಸವೆದ್ರೆ ಅರಮನೆಯೂ ಮುಳುಗುತ್ತೆ!"

ನಲವತ್ತು ಜನ ಉಗುಳು ನುಂಗಿದರು. ಅವನು ಕೂರಿಸಿದ, ತಿರುಗಿಸಿದ, ಸ್ಪ್ಯಾನರಿನಿಂದ ಕೊನೆಯ ಬಿಗಿತ ಕೊಟ್ಟ. ಸದ್ದು ನಿಂತಿತು. ಎಂಥ ಮೌನ! ಮರುಕ್ಷಣ ಸೂರು ಹಾರುವಂಥ ಚಪ್ಪಾಳೆ. ಕಲಾವಿದ ಕಣ್ಣೊರೆಸಿಕೊಂಡು ಅವನನ್ನು ಅಪ್ಪಿಕೊಂಡ. ಪ್ಲಂಬರು ನಾಲ್ಕೂ ದಿಕ್ಕಿಗೆ ಬಾಗಿ ನಮಸ್ಕರಿಸಿದ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಹೆಂಗಸಿನತ್ತ ದೊಡ್ಡಮ್ಮ ಕಣ್ಣುಜ್ಜಿಕೊಂಡು ನೋಡಿದರು. ಬೀಗಿತ್ತಿ!

"ಅಯ್ಯೋ, ಯಾವಾಗ ಬಂದ್ರಿ?"

"ಅರ್ಧ ಗಂಟೆ ಆಯ್ತು. ನಿಮ್ಮ ಯಜಮಾನ್ರು ಮುಖಾನೂ ನೋಡ್ದೆ ಸಾಲಲ್ಲಿ ನಿಲ್ಲಿಸಿದ್ರು. ತುಂಬಾ ಚೆನ್ನಾಗಿತ್ತು ಕಣ್ರೀ! ಊಟಾನೂ ಇದ್ರಲ್ಲೇ ಸೇರಿದೆಯಾ?"

ಟ್ಯಾಂಕು ಒಣಗಿತ್ತು. ಆದರೆ ಕಲಾವಿದ ಸದ್ದಿಗೆಂದು ಜೋಡಿಸಿದ್ದ ಪಾತ್ರೆ, ಲೋಟ, ಬಕೆಟ್ಟುಗಳೆಲ್ಲ ತುಂಬಿದ್ದವು. ಆ ನೀರಿನಲ್ಲೇ ಬೀಗಿತ್ತಿ ಕೈ ತೊಳೆದರು, ಉಂಡರು, ಹೊಗಳಿದರು. ಮೇಜನ್ನು ಉಜ್ಜಿ ನೋಡುವುದನ್ನೇ ಮರೆತರು.

ಹದಿನೈದು ದಿನ ಕಳೆದು ಬಚ್ಚಲಿನ ನಲ್ಲಿ ಸೋರತೊಡಗಿತು. ದೊಡ್ಡಮ್ಮ ನೇರವಾಗಿ ಆ ಪ್ಲಂಬರನಿಗೇ ಫೋನು ಮಾಡಿದರು.

"ಬರ್ತೀನಿ ದೊಡ್ಡಮ್ಮಾ, ನಾಳೆ ಹತ್ತಕ್ಕೆ. ಎಷ್ಟು ಜನ ಸೇರ್ತಾರೆ?"

"ಯಾರೂ ಇಲ್ಲಪ್ಪಾ. ನಾನೊಬ್ಬಳೇ."

ಆ ಕಡೆಯಿಂದ ನೊಂದ ದನಿಯೊಂದು ಕೇಳಿತು: "ಒಬ್ಬರ ಮುಂದೆ ಕೈ ಓಡಲ್ಲ ದೊಡ್ಡಮ್ಮಾ. ಕಡೇಪಕ್ಷ ಹತ್ತು ಜನ ಆದ್ರೂ ಬೇಡ್ವಾ?"

ದೊಡ್ಡಮ್ಮ ಫೋನಿಟ್ಟರು. ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ಬಾಗಿಲು ತಟ್ಟಿದರು.

"ನಾಳೆ ಹತ್ತಕ್ಕೆ ನಮ್ಮ ಬಚ್ಚಲಲ್ಲಿ ಕಾರ್ಯಕ್ರಮ ಇದೆ. ಮನೆಮಂದಿಯೆಲ್ಲ ತಪ್ಪದೆ ಬರ್ಬೇಕು. ಬರುವಾಗ ಕುರ್ಚಿ ನೀವೇ ತನ್ನಿ!"